ಮನೆಯಲ್ಲಿ ಕಡಲ ನೀರಿನ ಅಕ್ವೇರಿಯಂ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಮೀನಿನ ಮೇಲೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಕ್ಲೌನ್ ಮೀನು, ಪಕ್ಕದಲ್ಲೇ ಅಚ್ಚ ನೀಲಿ ಡ್ಯಾಮ್ಸೆಲ್. ಮೀನು ಇಷ್ಟವಾಗುತ್ತದೆ. ಅದಕ್ಕೊಂದು ಟ್ಯಾಂಕ್ ತಗೊಳ್ಳುತ್ತೇವೆ. ಉಪ್ಪು, ಪಂಪು, ನೀರು ಎಲ್ಲ ಆಮೇಲೆ.

ಬೆಂಗಳೂರಿನಲ್ಲಿ ಮೊದಲ ಸಲ ಮೆರೈನ್ ಟ್ಯಾಂಕ್ ಇಟ್ಟಾಗ ನಾನೂ ಹೀಗೇ ಮಾಡಿದ್ದೆ. ಒಂದೂವರೆ ಅಡಿಯ ಟ್ಯಾಂಕ್, 35 ಲೀಟರ್ ನೀರು, ಎರಡು ಕ್ಲೌನ್. "ನೀರು ರೆಡಿ ಇದೆ ಸರ್, ಇವತ್ತೇ ಬಿಡಬಹುದು" ಅಂತ ಅಂಗಡಿಯವರು ಅಂದರು, ನಾನು ನಂಬಿದೆ. ಒಂಬತ್ತನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಮೀನು ಮೇಲೆ ಬಂದು, ನೀರಿನ ಅಂಚಿಗೆ ಬಾಯಿ ಇಟ್ಟು, ಕಿವಿರು ಪಟಪಟ ಬಡಿಯುತ್ತಿದ್ದವು. ಸಂಜೆಯೊಳಗೆ ಹೋಗಿಬಿಟ್ಟವು. ಅವು ತಿಂದು ಬಿಟ್ಟ ಹೊಲಸು ಅಮೋನಿಯಾ ಆಗಿತ್ತು. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ.

ಆಮೇಲೆ ಒಂದು ವರ್ಷ ಸುಮ್ಮನಿದ್ದು, ಓದಿ, ಕೇಳಿ, ಮತ್ತೆ ಶುರು ಮಾಡಿದೆ. ಈಗ ಇರುವ ಮೂರಡಿ ಟ್ಯಾಂಕಿಗೆ ಆರನೇ ವರ್ಷ. ಇಷ್ಟರಲ್ಲಿ ನನಗೆ ಖಾತ್ರಿಯಾದ ವಿಷಯ ಒಂದಿದೆ. ಹವಳದ ದಿಬ್ಬದ ಸುತ್ತಲಿನ ಕಡಲು ಒಂದು ದಿನದಲ್ಲಿ ಹೆಚ್ಚು ಬದಲಾಗುವುದಿಲ್ಲ. ಉಪ್ಪು ಅಷ್ಟೇ ಇರುತ್ತದೆ, ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಕೆರೆಯ ಮೀನಿಗೆ ಮಳೆಗಾಲದ ತಂಪು ಗೊತ್ತು, ಬೇಸಿಗೆಯಲ್ಲಿ ನೀರು ಇಂಗುವುದೂ ಗೊತ್ತು. ಈ ಮೀನುಗಳಿಗೆ ಅಂಥ ಅಭ್ಯಾಸ ಇಲ್ಲ. ಹಾಗಾಗಿ ಎರಡು ಆಯ್ಕೆ ಮುಂದೆ ಬಂದಾಗಲೆಲ್ಲ ನಾನು ಕೇಳುವ ಪ್ರಶ್ನೆ ಒಂದೇ: ಎರಡರಲ್ಲಿ ಯಾವುದು ನಿಧಾನವಾಗಿ ಬದಲಾಗುತ್ತದೆ? ಈ ಬರಹದಲ್ಲಿ ಎಲ್ಲವನ್ನೂ ಅದೇ ಪ್ರಶ್ನೆ ಇಟ್ಟು ಅಳೆದಿದ್ದೇನೆ. ಮೀನಿನ ವಿಷಯ ಕೊನೆಗೆ ಬರುತ್ತದೆ. ನೀವು ಮೀನು ಕೊಳ್ಳಬೇಕಾದದ್ದೂ ಕೊನೆಗೇ.

ಎರಡಡಿಯೋ, ಮೂರಡಿಯೋ, ನಾಲ್ಕಡಿಯೋ

ಚಿಕ್ಕ ಟ್ಯಾಂಕ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಿಹಿನೀರಿನಲ್ಲೇ ಅದು ಅಷ್ಟು ನಿಜವಲ್ಲ, ಉಪ್ಪುನೀರಿನಲ್ಲಂತೂ ಪೂರ್ತಿ ಉಲ್ಟಾ.

ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ದಿನವೂ ನೀರು ಸ್ವಲ್ಪ ಸ್ವಲ್ಪ ಉಪ್ಪಾಗುತ್ತಾ ಹೋಗುತ್ತದೆ. ಕಡಲ ನೀರಿನ ಉಪ್ಪು ಸಾವಿರ ಪಾಲಿಗೆ 35 ಪಾಲು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲು ಮರಳು ಕಳೆದು 45 ಲೀಟರ್ ನೀರು ಉಳಿಯುತ್ತದೆ ಅನ್ನಿ. ದಿನಕ್ಕೆ ಒಂದು ಲೀಟರ್ ಆವಿಯಾದರೆ, ನಾಲ್ಕು ದಿನ ದೀಪಾವಳಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಉಪ್ಪು 38 ದಾಟಿರುತ್ತದೆ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ್ದರಲ್ಲಿ ಮೇಲ್ಮೈ ದೊಡ್ಡದು, ಆವಿಯೂ ದಿನಕ್ಕೆ ಎರಡು ಲೀಟರ್ ಮೇಲೆ. ಆದರೆ ಕೆಳಗೆ 160 ಲೀಟರ್ ನೀರಿದೆ, ಆಳ ಇದೆ. ನಾಲ್ಕು ದಿನಕ್ಕೆ 37ರ ಹತ್ತಿರ ನಿಲ್ಲುತ್ತದೆ. ಅಮೋನಿಯಾ, ಬಿಸಿ, ಪಿಎಚ್ ಎಲ್ಲದರಲ್ಲೂ ಇದೇ ಕಥೆ. ಒಂದು ಬಸವನಹುಳು ಕಲ್ಲಿನ ಹಿಂದೆ ಸತ್ತರೆ 160 ಲೀಟರಿನಲ್ಲಿ ಗೊತ್ತೇ ಆಗುವುದಿಲ್ಲ. 30 ಲೀಟರಿನಲ್ಲಿ ಅದೊಂದೇ ಸಾಕು, ಉಳಿದವನ್ನೂ ಕರೆದುಕೊಂಡು ಹೋಗುತ್ತದೆ.

ನಾಲ್ಕಡಿ, ಎರಡು, ಎರಡು ಇನ್ನೂ ಒಳ್ಳೆಯದು. ಆದರೆ ಅದು 450 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿಸಿದರೆ ತೂಕ 600 ಕೆಜಿ ಮೀರುತ್ತದೆ. ನೆಲಮಹಡಿಯ ಸ್ವಂತ ಮನೆಯವರಿಗೆ ಸರಿ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಇಡುವ ಮುಂಚೆ ಮನೆ ಕಟ್ಟಿದ ಎಂಜಿನಿಯರನ್ನೋ ಓನರನ್ನೋ ಕೇಳಲೇಬೇಕು. ಮೂರಡಿಯದ್ದು ಎಲ್ಲ ಸೇರಿ 300 ಕೆಜಿ ಹತ್ತಿರ ಬರುತ್ತದೆ. ಅದನ್ನೂ ಕೋಣೆಯ ನಡುವೆ ಇಡಬೇಡಿ, ಬೀಮ್ ಇರುವ ಗೋಡೆಗೆ ಒತ್ತಿ ಇಡಿ.

ನನ್ನ ಆಯ್ಕೆ ಮೂರಡಿ. ಜಾಗ ಇಲ್ಲವೇ ಇಲ್ಲ ಅಂದರೆ ಎರಡಡಿ ಉದ್ದವೇ ಇರಲಿ, ಅಗಲ ಎತ್ತರ ಒಂದೂವರೆ ಮಾಡಿಸಿ. 125 ಲೀಟರ್ ಸಿಗುತ್ತದೆ. ಉದ್ದ ಅಷ್ಟೇ, ನೀರು ಎರಡು ಪಟ್ಟಿಗಿಂತ ಜಾಸ್ತಿ.

ನೀರು ಎಲ್ಲಿಂದ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊಸಬರ ಅರ್ಧ ತೊಂದರೆ ಇಲ್ಲಿಂದಲೇ ಶುರುವಾಗುವುದು.

ಬೋರ್ ನೀರು ಬೇಡ. ಟ್ಯಾಂಕರ್ ನೀರೂ ಬೇಡ, ಅದು ಎಲ್ಲಿಯ ಬೋರ್‌ನದ್ದು ಅಂತ ಯಾರಿಗೆ ಗೊತ್ತು? ಕಾವೇರಿ ನೀರು ಕುಡಿಯಲು ಚೆನ್ನ, ಆದರೆ ಕ್ಲೋರಿನ್ ಇರುತ್ತದೆ. ನೈಟ್ರೇಟ್, ಫಾಸ್ಫೇಟ್ ಸ್ವಲ್ಪ ಇದ್ದರೂ ಪಾಚಿಗೆ ಅದೇ ಗೊಬ್ಬರ.

ಮನೆಯ ಆರ್‌ಒ ನೀರು? ಬಹಳ ಜನ ಇದನ್ನೇ ಬಳಸುತ್ತಾರೆ, ಶುರುವಿಗೆ ನಾನೂ ಬಳಸಿದೆ. ಆದರೆ ಕುಡಿಯುವ ಆರ್‌ಒ ಮೆಷಿನ್‌ಗಳಲ್ಲಿ ರುಚಿಗೋಸ್ಕರ ಹಸಿ ನೀರನ್ನೋ ಖನಿಜವನ್ನೋ ವಾಪಸ್ ಬೆರೆಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಪೆನ್ ಅದ್ದಿ ನೋಡಿ. 50, 60 ತೋರಿಸಿದರೆ ಆ ಬೆರಕೆಯೇ ಕಾರಣ ಇರಬಹುದು. ಬೆರೆಸುವ ಮುಂಚಿನ ಕೊಳವೆಯಿಂದ ನೀರು ಹಿಡಿದು, ಅದನ್ನು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಸಣ್ಣ ಮಣಿಗಳು) ತುಂಬಿದ ಒಂದು ಫಿಲ್ಟರ್ ಮೂಲಕ ಹಾಯಿಸಿದರೆ ಪೆನ್ ಸೊನ್ನೆ ತೋರಿಸುತ್ತದೆ. ನಮಗೆ ಬೇಕಾದದ್ದು ಆ ಸೊನ್ನೆ. ಅದರಲ್ಲಿ ಏನೂ ಇಲ್ಲ, ಹಾಗಾಗಿ ಮುಂದೆ ಏನು ಹಾಕುತ್ತೇವೋ ಅಷ್ಟೇ ಇರುತ್ತದೆ.

ಏಸಿಯಿಂದ ತೊಟ್ಟಿಕ್ಕುವ ನೀರೂ ಟಿಡಿಎಸ್ ಕಡಿಮೆಯದ್ದೇ, ಬಿಟ್ಟಿ ಸಿಗುತ್ತದೆ. ಆದರೂ ಮುಟ್ಟಬೇಡಿ. ಏಸಿಯ ಕಾಯಿಲ್ ಸಾಮಾನ್ಯವಾಗಿ ತಾಮ್ರದ್ದು. ತಾಮ್ರ ಒಂಚೂರು ಸೇರಿದರೂ ಸಿಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ.

ಇನ್ನು ಉಪ್ಪು. "ಸಾಣಿಕಟ್ಟಾ ಉಪ್ಪು ಕಡಲಿನದ್ದೇ ಅಲ್ವಾ, ಅದನ್ನೇ ಹಾಕಿದರೆ ಆಗಲ್ವಾ?" ಅಂತ ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಗೋಕರ್ಣದ ಹತ್ತಿರದ ಆ ಗದ್ದೆಗಳಲ್ಲಿ ಕಡಲ ನೀರನ್ನೇ ಒಣಗಿಸುತ್ತಾರೆ, ನಿಜ. ಆದರೆ ಉಪ್ಪಿನ ಗದ್ದೆಯಲ್ಲಿ ನೀರು ಇಂಗುವಾಗ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಕ್ಯಾಲ್ಸಿಯಂ ಮೊದಲೇ ಜಿಪ್ಸಂ ಆಗಿ ಕೂರುತ್ತದೆ. ಆಮೇಲೆ ಅಡುಗೆ ಉಪ್ಪು ಹರಳಾಗುತ್ತದೆ. ಮೆಗ್ನೀಸಿಯಂ ಬಹುಪಾಲು ಕೊನೆಯಲ್ಲಿ ಉಳಿಯುವ ಕಹಿ ನೀರಿನಲ್ಲೇ ಹೋಗುತ್ತದೆ. ಕಡಲ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಸೇರಿ ನೂರಕ್ಕೆ ಸುಮಾರು 85 ಪಾಲು. ಮಿಕ್ಕ 15 ಪಾಲು ಕಲ್ಲುಪ್ಪಿನಲ್ಲಿ ಸರಿಯಾಗಿ ಇರುವುದಿಲ್ಲ. ಮೀನಿಗೂ ಹವಳಕ್ಕೂ ಅದು ಬೇಕೇ ಬೇಕು. ಹಾಗಾಗಿ ಮೆರೈನ್ ಸಾಲ್ಟ್ ಮಿಕ್ಸ್ ಅಂತ ಸಿಗುವುದನ್ನೇ ತಗೊಳ್ಳಿ. ಮೀನು ಮಾತ್ರ ಸಾಕುವವರಿಗೆ ಸಾಮಾನ್ಯ ಮಿಕ್ಸ್ ಸಾಕು. ಕ್ಯಾಲ್ಸಿಯಂ ಜಾಸ್ತಿ ಇರುವ ರೀಫ್ ಮಿಕ್ಸ್‌ಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಲೆಕ್ಕ ದೊಡ್ಡದಲ್ಲ. 160 ಲೀಟರಿನಲ್ಲಿ ವಾರಕ್ಕೆ ಹತ್ತನೇ ಒಂದು ಭಾಗ, ಅಂದರೆ 16 ಲೀಟರ್ ಬದಲಾಯಿಸುತ್ತೇವೆ. ಅದಕ್ಕೆ ಬೇಕಾಗುವುದು ಹೆಚ್ಚುಕಡಿಮೆ 600 ಗ್ರಾಂ ಮಿಕ್ಸ್. ತಿಂಗಳಿಗೆ ಎರಡೂವರೆ ಕೆಜಿ. ಬಕೆಟ್‌ನಲ್ಲಿ ಹಿಂದಿನ ದಿನವೇ ಕಲಸಿ, ಒಂದು ಚಿಕ್ಕ ಪಂಪ್ ಓಡಿಸಿ ಬಿಡಿ. ಟ್ಯಾಂಕಿನೊಳಗೆ ನೇರವಾಗಿ ಉಪ್ಪು ಸುರಿಯಬೇಡಿ.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ, ಕಡಲ ನೀರೇ. ನನ್ನ ಅಕ್ಕ ಮಂಗಳೂರಿನಲ್ಲಿ ಹಾಗೇ ನಡೆಸುತ್ತಾಳೆ. "ಮನೆ ಮುಂದೆ ಸಮುದ್ರ ಇಟ್ಟುಕೊಂಡು ಉಪ್ಪಿಗೆ ಯಾಕೆ ದುಡ್ಡು ಮಾರಾಯ?" ಅನ್ನುತ್ತಾಳೆ. ಅವಳ ಮಾತು ವರ್ಷದ ಏಳೆಂಟು ತಿಂಗಳು ಸರಿ. ಮಳೆಗಾಲದಲ್ಲಿ ಸರಿಯಲ್ಲ. ನೇತ್ರಾವತಿ, ಗುರುಪುರ ಎರಡೂ ನದಿ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಜೂನ್ ನಂತರ ದಡದ ನೀರು ಕೆಂಪಗೆ ಕದಡಿರುತ್ತದೆ, ಉಪ್ಪೂ ಇಳಿದಿರುತ್ತದೆ. ಹಾಗಾಗಿ ಅವಳು ಮಳೆಗಾಲಕ್ಕೆ ಒಂದು ಚೀಲ ಸಾಲ್ಟ್ ಮಿಕ್ಸ್ ಇಟ್ಟುಕೊಳ್ಳುತ್ತಾಳೆ. ಉಳಿದ ಸಮಯದಲ್ಲಿ ಬಂದರಿನಿಂದ, ಅಳಿವೆಯಿಂದ ದೂರ ಹೋಗಿ, ಭರತದ ಹೊತ್ತಿಗೆ ತುಂಬಿಸಿಕೊಂಡು ಬರುತ್ತಾಳೆ. ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಎರಡು ವಾರ ಇಟ್ಟು ಆಮೇಲೆ ಬಳಸುತ್ತಾಳೆ. ಬೆಂಗಳೂರಿಗೆ ಇದು ಹೊಂದುವುದಿಲ್ಲ. 350 ಕಿಲೋಮೀಟರ್ ನೀರು ಹೊತ್ತು ತರುವುದಕ್ಕಿಂತ ಚೀಲದ ಉಪ್ಪೇ ವಾಸಿ, ಅದು ಪ್ರತಿ ಸಲ ಒಂದೇ ಥರ ಇರುತ್ತದೆ.

ಉಪ್ಪು ಅಳೆಯಲು ಎರಡು ಸಾಧನ ಸಿಗುತ್ತವೆ. ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಸಾಸಿವೆಯಷ್ಟು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಒಂದು ಹನಿ ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪು ಹೇಳುವ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ. ಜೊತೆಗೆ, ಅದು ಸರಿ ತೋರಿಸುತ್ತದೆಯೇ ಅಂತ ನೋಡಿಕೊಳ್ಳಲು, 35 ಅಂತ ಬರೆದಿರುವ ಕ್ಯಾಲಿಬ್ರೇಷನ್ ದ್ರಾವಣದ ಒಂದು ಚಿಕ್ಕ ಬಾಟಲಿ.

ಬಿಸಿ: ಫ್ಯಾನೋ ಚಿಲ್ಲರೋ

ಟ್ಯಾಂಕ್ 25ರಿಂದ 27 ಡಿಗ್ರಿಯಲ್ಲಿ ಇರಬೇಕು. ಪಂಪ್, ಲೈಟ್ ಸೇರಿ ನೀರನ್ನು ಕೋಣೆಗಿಂತ ಒಂದೆರಡು ಡಿಗ್ರಿ ಬಿಸಿ ಮಾಡುತ್ತವೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯೊಳಗೆ 31 ಇದ್ದರೆ ಟ್ಯಾಂಕ್ 32 ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಜಾಸ್ತಿ.

ನಾನು ನೀರಿನ ಮೇಲೆ ಓರೆಯಾಗಿ ಬೀಸುವ ಎರಡು ಚಿಕ್ಕ ಫ್ಯಾನ್ ಇಟ್ಟಿದ್ದೇನೆ. ಎರಡರಿಂದ ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೇ, ಆವಿ ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ಬೆಂಗಳೂರಿನ ಬೇಸಿಗೆಯ ಗಾಳಿ ಒಣ, ಹಾಗಾಗಿ ಕೆಲಸ ಮಾಡುತ್ತದೆ. ಅದೇ ಫ್ಯಾನ್ ಅಕ್ಕನ ಮನೆಯಲ್ಲಿ ಒಂದು ಡಿಗ್ರಿಯನ್ನೂ ಸರಿಯಾಗಿ ಇಳಿಸಲಿಲ್ಲ. ಮಂಗಳೂರಿನ ಸೆಕೆಯಲ್ಲಿ ಹೊರಗೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕಿನ ನೀರು ಎಲ್ಲಿ ಆವಿಯಾಗಬೇಕು? ಅಲ್ಲಿ ನೀರನ್ನು ಫ್ರಿಜ್ಜಿನ ಹಾಗೆ ತಣ್ಣಗೆ ಮಾಡುವ ಚಿಲ್ಲರ್ ಬೇಕೇ ಬೇಕು. ಚಿಲ್ಲರ್ ಬೆಲೆ ಟ್ಯಾಂಕಿನ ಬೆಲೆಗಿಂತ ಜಾಸ್ತಿ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮೇ ತಿಂಗಳಲ್ಲಿ ಮೀನು ಒದ್ದಾಡುವಾಗ ಹಿಡಿಯುವ ಲೆಕ್ಕ ಅದಲ್ಲ. ಕಲಬುರಗಿ, ರಾಯಚೂರಿನವರೂ ಚಿಲ್ಲರ್ ಪಕ್ಷದವರೇ. ಗಾಳಿ ಎಷ್ಟು ಒಣಗಿದ್ದರೂ 40 ಡಿಗ್ರಿಯ ಊರಿನಲ್ಲಿ ಫ್ಯಾನಿನಿಂದ 27 ಬರುವುದಿಲ್ಲ.

ಬೆಂಗಳೂರು, ಮೈಸೂರು, ಮಡಿಕೇರಿ ಕಡೆ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು. ಮೂರಡಿಗೆ ಒಂದು ದೊಡ್ಡ ಹೀಟರ್‌ಗಿಂತ ಎರಡು ಚಿಕ್ಕವು ಒಳ್ಳೆಯದು. ಒಂದು ಕೆಟ್ಟು ಆನ್ ಆಗೇ ಉಳಿದರೂ ಮೀನು ಬೇಯುವುದಿಲ್ಲ.

ಕರೆಂಟ್ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನಲ್ಲಿ ನೀರನ್ನು ಫಿಲ್ಟರಿನಿಂದ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪ್, ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಒಳಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಸೇರಿ 50 ವ್ಯಾಟ್, ಹಗಲೂ ರಾತ್ರಿ. ಲೈಟ್ 60 ವ್ಯಾಟ್, ಎಂಟು ಗಂಟೆ. ತಿಂಗಳಿಗೆ 50 ಯೂನಿಟ್ ಆಗುತ್ತದೆ. 150 ವ್ಯಾಟ್‌ನ ಚಿಲ್ಲರ್ ದಿನದಲ್ಲಿ ಅರ್ಧ ಹೊತ್ತು ಓಡಿದರೆ ಇನ್ನೊಂದು 50 ಯೂನಿಟ್ ಮೇಲೆ. ಗೃಹಜ್ಯೋತಿಯಲ್ಲಿ ಇರುವ ಮನೆಯವರು ತಮ್ಮ ಮಿತಿ ಎಷ್ಟು ಅಂತ ಬಿಲ್ ತೆಗೆದು ನೋಡಿಕೊಳ್ಳಿ.

ಕರೆಂಟ್ ಹೋದರೆ? ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಹನ್ನೊಂದು ಗಂಟೆಗೆ ಹೋದ ಕರೆಂಟ್ ಬೆಳಗಿನ ಐದಕ್ಕೆ ಬಂತು. ಎರಡು ಗಂಟೆಯಷ್ಟೊತ್ತಿಗೇ ಮೀನುಗಳು ಮೇಲೆ ಬಂದಿದ್ದವು. ನಾನೂ ಹೆಂಡತಿಯೂ ಸರದಿ ಹಾಕಿಕೊಂಡು, ಸ್ಟೀಲ್ ಲೋಟದಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ಕೂತೆವು. ಟಾರ್ಚ್ ಬೆಳಕಿನಲ್ಲಿ ಕ್ಲೌನ್ ಮೀನು ಆ ನೊರೆಯ ಕೆಳಗೇ ಬಂದು ನಿಲ್ಲುತ್ತಿತ್ತು. ಮಾರನೇ ದಿನ ಮಾಡಿದ ಮೊದಲ ಕೆಲಸ, ವೇವ್‌ಮೇಕರ್ ಒಂದರ ವೈರನ್ನು ಮನೆಯ ಇನ್ವರ್ಟರ್‌ಗೆ ಹಾಕಿಸಿದ್ದು. ಎಲ್ಲವನ್ನೂ ಇನ್ವರ್ಟರ್‌ಗೆ ಹಾಕಬೇಕಿಲ್ಲ. ಹತ್ತು ವ್ಯಾಟ್‌ನ ಆ ಒಂದು ಪಂಪ್ ನೀರನ್ನು ಕದಡುತ್ತಿದ್ದರೆ ಸಾಕು, ರಾತ್ರಿ ಕಳೆಯುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಒಂದನ್ನು ತಗೊಂಡಿಡಿ.

ಮೀನು ಮಾತ್ರವೋ, ಹವಳವೂ ಬೇಕೋ

ಮೂರು ಥರದ ಟ್ಯಾಂಕ್ ಇವೆ. ಕಲ್ಲು ಮತ್ತು ಮೀನು. ಕಲ್ಲು, ಮೀನು, ಮೆತ್ತನೆಯ ಹವಳ. ಆಮೇಲೆ ಕಲ್ಲು ಹವಳದ ರೀಫ್ ಟ್ಯಾಂಕ್.

ಮೂರನೆಯದನ್ನು ಮೊದಲೇ ಬದಿಗಿಡೋಣ. ನಮ್ಮ ದೇಶದಲ್ಲಿ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ. ಸಮುದ್ರ ಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಪ್ಯಾಕೆಟ್‌ನಲ್ಲಿ ತೋರಿಸಿ ಬೆಲೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಲೈವ್ ರಾಕ್ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಕಡಲ ಕಲ್ಲನ್ನು ಹಾಗೇ ಟ್ಯಾಂಕಿಗೆ ಇಟ್ಟರೆ ಅದರೊಳಗಿನ ಜೀವಿಗಳೇ ನೀರು ಶುದ್ಧ ಮಾಡುತ್ತವೆ ಎಂದು 1961ರಲ್ಲಿ ಬರೆದರು. ಆಮೇಲೆ ಈ ಹವ್ಯಾಸದ ದಾರಿಯೇ ಬದಲಾಯಿತು. ಆದರೆ ಆ ಕಲ್ಲು ಅಂದರೆ ಹವಳದ ದಿಬ್ಬದ ತುಂಡೇ. ಹಾಗಾಗಿ ನನ್ನ ಮತ ಡ್ರೈ ರಾಕ್‌ಗೆ. ಸೆರಾಮಿಕ್‌ನದ್ದೋ, ಅಚ್ಚು ಹಾಕಿ ಮಾಡಿದ ಕೃತಕ ಕಲ್ಲೋ, ಒಳಗೆಲ್ಲ ತೂತು ಇರುವಂಥದ್ದು ಸಿಗುತ್ತದೆ. ಎಂಟು ಹತ್ತು ಲೀಟರ್‌ಗೆ ಒಂದು ಕೆಜಿ ಲೆಕ್ಕ ಸಾಕು. ಬ್ಯಾಕ್ಟೀರಿಯಾ ಕೂರಲು ಲೈವ್ ರಾಕ್‌ಗಿಂತ ಜಾಸ್ತಿ ದಿನ ಹಿಡಿಯುತ್ತದೆ, ಅದು ನಿಜ. ಬದಲಿಗೆ ಬೇಡದ ಹುಳ, ಏಡಿ ಯಾವುದೂ ಜೊತೆಗೆ ಬರುವುದಿಲ್ಲ. ಕಡಲಿನಿಂದ ಏನನ್ನೂ ಕಿತ್ತಿರುವುದಿಲ್ಲ.

ಕಲ್ಲು ಜೋಡಿಸುವಾಗ ಗೋಡೆ ಕಟ್ಟಬೇಡಿ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದಾಗ ನಾನು ನೋಡಿದ್ದು ಇದು: ಚಿಕ್ಕ ಮೀನು ಒಂದೊಂದೂ ತನ್ನದೊಂದು ಸಂದಿಯ ಬಾಯಲ್ಲೇ ಆಡುತ್ತಿತ್ತು. ನೆರಳು ಬಿದ್ದ ಕೂಡಲೇ ಒಳಗೆ. ಟ್ಯಾಂಕಿನಲ್ಲೂ ಪ್ರತಿ ಮೀನಿಗೆ ಅಂಥ ಎರಡು ಸಂದಿಯಾದರೂ ಬೇಕು.

ಮೊದಲ ವರ್ಷ ಕಲ್ಲು ಮತ್ತು ಮೀನು ಸಾಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗೆ ಇದ್ದರೆ ಆಯಿತು, ಲೈಟ್ ಯಾವುದಾದರೂ ನಡೆಯುತ್ತದೆ. ಆಮೇಲೆ ಮನಸ್ಸಿದ್ದರೆ ಮಶ್ರೂಮ್, ಲೆದರ್, ಜೊಯಾಂತಿಡ್‌ನಂಥ ಮೆತ್ತನೆಯವು. ಇವಕ್ಕೆ ನೀಲಿ ಬೆಳಕು ಇರುವ ಎಲ್‌ಇಡಿ ಬೇಕು, ಉಪ್ಪು ಬಿಸಿ ಇನ್ನೂ ಬಿಗಿಯಾಗಿರಬೇಕು. ಕೊಳ್ಳುವಾಗ ಯಾರದೋ ಟ್ಯಾಂಕಿನಲ್ಲಿ ಬೆಳೆದ ತುಂಡು ಅಂತ ಖಾತ್ರಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಹೇಳದೇ ಮುಂದೆ ಹೋಗಲಾರೆ. ಜೊಯಾಂತಿಡ್, ಪಾಲಿತೋವಾ ಜಾತಿಯ ಕೆಲವಲ್ಲಿ ಪಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಸುರಿದು ಉಜ್ಜಬೇಡಿ. ಆ ಹಬೆ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಉದಾಹರಣೆಗಳು ಹೊರದೇಶಗಳಲ್ಲಿವೆ. ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕನ್ನಡಕ. ಮಕ್ಕಳಿರುವ ಮನೆಗೆ ಇವನ್ನು ತರದಿದ್ದರೇ ನನಗೆ ಸಮಾಧಾನ.

ಫಿಲ್ಟರ್

ಹಿಂದೆ ನೇತುಹಾಕುವ ಫಿಲ್ಟರ್ ಎರಡಡಿಗೆ ನಡೆಯುತ್ತದೆ. ಮೂರಡಿಗೆ ಸಂಪ್ ಮಾಡಿಸಿ. ಮನೆಯಂಗಳದ ಸಂಪ್ ಅಲ್ಲ, ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಒಟ್ಟು ನೀರು 30, 40 ಲೀಟರ್ ಹೆಚ್ಚುತ್ತದೆ. ಹೀಟರ್, ಸ್ಕಿಮ್ಮರ್ ಎಲ್ಲ ಅಲ್ಲೇ ಕೂರುತ್ತವೆ. ಪಂಪ್ ನಿಂತಾಗ ಮೇಲಿನ ನೀರು ಇಳಿದು ಬರುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಕೂಡಿಸಿದ ದಿನವೇ ಸ್ವಿಚ್ ಆರಿಸಿ ಪರೀಕ್ಷೆ ಮಾಡಿ.

ಸ್ಕಿಮ್ಮರ್ ಬೇಕಾ? ಮಲ್ಪೆಯಲ್ಲಿ ಅಲೆ ಒಡೆದ ಮೇಲೆ ಮರಳಿನ ಮೇಲೆ ಕಂದು ನೊರೆ ಉಳಿಯುತ್ತದಲ್ಲ, ಸ್ಕಿಮ್ಮರ್ ಮಾಡುವುದೂ ಅದೇ. ಸಣ್ಣ ಗುಳ್ಳೆಗಳಿಗೆ ಹೊಲಸು ಅಂಟಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಎರಡಡಿಯವರು ಅದಿಲ್ಲದೆ ಬರೀ ನೀರು ಬದಲಾಯಿಸಿ ನಡೆಸಬಹುದು. ಮೂರಡಿಗೆ ಇರಲಿ. ಉಸಿರಾಡುವ ಗಾಳಿಯೂ ನೀರಿಗೆ ಚೆನ್ನಾಗಿ ಸೇರುತ್ತದೆ.

ಕಾಯುವುದು: ಸಿಗಡಿಯೋ ಬಾಟಲಿಯೋ

ನೀರು, ಕಲ್ಲು, ಪಂಪ್ ಎಲ್ಲ ಓಡುತ್ತಿದೆ. ಈಗ ಮೀನಿಲ್ಲದೆ ನಾಲ್ಕರಿಂದ ಆರು ವಾರ. ಮಾರ್ಕೆಟ್‌ನಿಂದ ತಂದ ಒಂದು ಹಸಿ ಸಿಗಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಒಳಗೆ ಬಿಟ್ಟರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಸಿಗಡಿ ಅಗ್ಗ, ಆದರೆ ವಾಸನೆ ಬರುತ್ತದೆ, ಎಷ್ಟು ಅಮೋನಿಯಾ ಬಂತು ಅನ್ನುವುದು ಕೈಯಲ್ಲಿರುವುದಿಲ್ಲ. ಅಮೋನಿಯಂ ಕ್ಲೋರೈಡ್ ಹನಿ ಹಾಕಿ, ಜೊತೆಗೆ ಬ್ಯಾಕ್ಟೀರಿಯಾ ಬಾಟಲಿ ಸುರಿದರೆ ಕೆಲಸ ಬೇಗ, ಲೆಕ್ಕವೂ ಸಿಗುತ್ತದೆ. ಬಾಟಲಿ ಬಿಸಿಲಿನಲ್ಲಿ ಬೆಂದು ಬಂದಿದ್ದರೆ ಮಾತ್ರ ಅದರಲ್ಲಿ ಜೀವ ಇರುವುದು ಅನುಮಾನ. ಯಾವುದೇ ಇರಲಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದ ಮೇಲೇ ಮೀನು. ಇವತ್ತೇ ಮೀನು ಬಿಡಬಹುದು ಅನ್ನುವ ಮಾತಿಗೆ ನನ್ನ ಎರಡು ಮೀನು ಹೋಗಿವೆ.

ಇದರ ನಡುವೆ ಮರಳು, ಗಾಜಿನ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಕಂದು ಪಾಚಿ ಬರುತ್ತದೆ. ಔಷಧಿ ಹಾಕಬೇಡಿ. ಕೆಲವು ವಾರದಲ್ಲಿ ತಾನೇ ಹೋಗುತ್ತದೆ.

ಈಗ ಮೀನು

ಕ್ಲೌನ್ ಮತ್ತು ಡ್ಯಾಮ್ಸೆಲ್ ಎರಡೂ ಗಟ್ಟಿ ಮೀನುಗಳೇ. ಡ್ಯಾಮ್ಸೆಲ್ ಅಗ್ಗ, ಹಾಗಾಗಿ ಮೊದಲು ಅದನ್ನೇ ಕೊಡುತ್ತಾರೆ. ಆದರೆ ಹೆಚ್ಚಿನವು ದೊಡ್ಡದಾದ ಹಾಗೆ ಇಡೀ ಟ್ಯಾಂಕ್ ತನ್ನದೇ ಅನ್ನುತ್ತವೆ, ಆಮೇಲೆ ಬಂದ ಯಾರನ್ನೂ ಬದುಕಲು ಬಿಡುವುದಿಲ್ಲ. ಹಿಡಿಯಬೇಕಾದರೆ ಕಲ್ಲೆಲ್ಲ ಎತ್ತಬೇಕು. ಕ್ಲೌನ್ ಒಂದು ಜೋಡಿ ತಗೊಳ್ಳಿ, ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು. ಈ ಮೀನುಗಳೆಲ್ಲ ಮೊದಲು ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕಡಲಿನಲ್ಲಿ ಇವು ಆಸರೆ ಪಡೆಯುವ ಅನಿಮೋನ್ ಎಂಬ ಜೀವಿ ಬೇಕಿಲ್ಲ. ನನ್ನ ಜೋಡಿ ಪಂಪಿನ ಪಕ್ಕದ ಒಂದು ಮೂಲೆಯನ್ನೇ ಮನೆ ಮಾಡಿಕೊಂಡು ರಾತ್ರಿ ಅಲ್ಲೇ ಒರಗಿ ಮಲಗುತ್ತವೆ. ಹತ್ತು ವರ್ಷಕ್ಕೂ ಮೇಲೆ ಬದುಕುವ ಜೀವ ಇದು. ಕೊಳ್ಳುವಾಗ ಅದು ನೆನಪಿರಲಿ.

ಕಡಲಿನಿಂದ ಹಿಡಿದದ್ದೋ, ಸಾಕಾಣಿಕೆಯದ್ದೋ? ನನಗೆ ಇಲ್ಲಿ ಎರಡನೇ ಮಾತಿಲ್ಲ, ಸಾಕಾಣಿಕೆಯದ್ದೇ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಲವು ಜಾತಿಯ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮಲ್ಲೇ ರೂಪಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಗುಳಿಗೆ ಆಹಾರ ತಿನ್ನುತ್ತದೆ, ಗಾಜಿಗೆ ಹೆದರುವುದಿಲ್ಲ, ರೋಗ ಕಡಿಮೆ. ಕಡಲಿನದ್ದನ್ನು ಹಿಡಿಯಲು ಕೆಲವು ದೇಶಗಳಲ್ಲಿ ಸಯನೈಡ್ ಹೊಡೆಯುವುದೂ ಉಂಟು. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡು ಮನೆಗೆ ಬಂದ ಮೇಲೆ ಸಾಯುತ್ತದೆ. "ಒಂದು ಕಾಳು ಆಹಾರ ಹಾಕಿ ತೋರಿಸಿ" ಅಂತ ಕೇಳಿ. ಎದುರಿಗೆ ತಿಂದರೆ ಮಾತ್ರ ತಗೊಳ್ಳಿ.

ಬಿಡಬೇಕಾದವು: ನೀಲಿ ಟ್ಯಾಂಗ್ ಒಂದಡಿಯ ಹತ್ತಿರ ಬೆಳೆಯುತ್ತದೆ, ಆರಡಿ ಟ್ಯಾಂಕ್ ಕೇಳುತ್ತದೆ. ಮ್ಯಾಂಡರಿನ್ ಬಣ್ಣಕ್ಕೆ ಮನಸೋಲದವರಿಲ್ಲ, ಆದರೆ ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನು ಬಿಟ್ಟು ಬೇರೇನೂ ತಿನ್ನದೆ ಹೊಸ ಟ್ಯಾಂಕಿನಲ್ಲಿ ಸೊರಗಿ ಸಾಯುತ್ತದೆ. ಮೂರಡಿಗೆ ನಾಲ್ಕೈದು ಚಿಕ್ಕ ಮೀನು ಸಾಕು, ತಿಂಗಳಿಗೆ ಒಂದರಂತೆ, ಜೋಡಿಯಾದರೆ ಜೋಡಿ. ಜೊತೆಗೆ ಒಂದಿಷ್ಟು ಬಸವನಹುಳು, ಸನ್ಯಾಸಿ ಏಡಿ.

ಹೊಸ ಮೀನನ್ನು ನೇರ ಟ್ಯಾಂಕಿಗೆ ಬಿಡಬೇಡಿ. ಬೇರೆ ಚಿಕ್ಕ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು, ನಾಲ್ಕು ವಾರ. ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಬಂದರೆ ತಾಮ್ರದ ಔಷಧಿಯನ್ನು ಅಲ್ಲೇ ಕೊಡಬಹುದು. ದೊಡ್ಡ ಟ್ಯಾಂಕಿಗೆ ಆ ರೋಗ ಸೇರಿದರೆ ಮೀನೆಲ್ಲ ಹೊರತೆಗೆದು, 76 ದಿನ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಇಡಬೇಕಾಗುತ್ತದೆ.

ಊರಿಗೆ ಹೋಗುವಾಗ

ದಿನಕ್ಕೆ ಹತ್ತು ನಿಮಿಷ, ಭಾನುವಾರ ಒಂದು ಗಂಟೆ. ಇಷ್ಟು ಕೊಡಲು ಆಗುವುದಾದರೆ ಟ್ಯಾಂಕ್ ಇಡಿ. ಆವಿಯಾದ ನೀರನ್ನು ತುಂಬಲು ಆಟೋ ಟಾಪ್ ಅಪ್ ಇದೆ. ಸೆನ್ಸರ್ ನೋಡಿ ತಾನೇ ಸಿಹಿನೀರು ಬಿಡುತ್ತದೆ. ಮನೆಯಲ್ಲಿದ್ದಾಗ ಅದು ಬಹಳ ಒಳ್ಳೆಯದು. ಆದರೆ ಸೆನ್ಸರ್ ಮೇಲೆ ಪಾಚಿ ಕೂತು ಕೈಕೊಟ್ಟರೆ ಇಡೀ ಡ್ರಮ್ ನೀರು ಟ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಡ್ರಮ್ಮಿನಲ್ಲಿ ಹೋಗಿ ಬರುವ ದಿನಕ್ಕೆ ಬೇಕಾದಷ್ಟೇ ನೀರು ತುಂಬಿಸಿ ಹೋಗುತ್ತೇನೆ. ಪಕ್ಕದ ಮನೆಯ ಆಂಟಿಯ ಹತ್ತಿರ ಒಂದು ಕೀ ಇರುತ್ತದೆ. ಮಾತ್ರೆ ಹಾಕುವ ಏಳು ಖಾನೆಯ ಡಬ್ಬಿಯಲ್ಲಿ ದಿನಕ್ಕೆ ಇಷ್ಟು ಅಂತ ಆಹಾರ ಹಾಕಿಟ್ಟಿರುತ್ತೇನೆ. ಆಹಾರದ ದೊಡ್ಡ ಡಬ್ಬಿಯನ್ನು ಬೀರುವಿನೊಳಗೆ ಇಟ್ಟು ಹೋಗುತ್ತೇನೆ. ಸಂಪ್ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. "ನೀರು ಈ ಗೆರೆಗಿಂತ ಕೆಳಗಿದ್ದರೆ ನೀಲಿ ಬಕೆಟ್‌ನಿಂದ ಗೆರೆ ಮುಟ್ಟುವವರೆಗೆ ಹಾಕಿ ಆಂಟಿ, ಬಿಳಿ ಬಕೆಟ್ ಉಪ್ಪಿನದ್ದು, ಅದನ್ನು ಮುಟ್ಟಬೇಡಿ" ಅಂತ ಬಕೆಟ್ ಮೇಲೇ ಬರೆದು ಅಂಟಿಸಿದ್ದೇನೆ.